ಪಾಚಿ ಕಟ್ಟಿದ ಕಲ್ಲುಗಳು

ದುದ್ದ ಹೋಬಳಿಯ ಹೊಲಗಳ ನಡುವಿನ ಬಂಡೆಗಳಲ್ಲಿ ಕಪ್ಪು-ಬಿಳುಪಿನ ಪಟ್ಟೆಗಳಿರುತ್ತವೆ. ಮಳೆ ತೊಳೆದ ದಿನ ಇನ್ನೂ ಚೆನ್ನಾಗಿ ಕಾಣುತ್ತವೆ. ಹಳೆಯ ಕಲ್ಲುಗಳನ್ನು ಕೂಡಿಡುವ ಹಂಬಲವಿದ್ದವರು ಮೊದಲು ಮೋಸ ಹೋಗುವುದು ಇಲ್ಲೇ. ಪಟ್ಟೆ ಕಂಡ ಕೂಡಲೇ ಪಳೆಯುಳಿಕೆ ಸಿಕ್ಕಿತು ಎಂದುಕೊಳ್ಳುತ್ತಾರೆ. ಅದು ನೈಸ್. ನೆಲದಾಳದ ಕಾವು, ಒತ್ತಡಕ್ಕೆ ಸಿಕ್ಕಾಗ ಬಿಳಿಯ ಖನಿಜಗಳು ಒಂದು ಕಡೆ, ಕಪ್ಪು ಅಭ್ರಕ ಇನ್ನೊಂದು ಕಡೆ ಸರಿದು ಆದ ಪಟ್ಟೆ ಅದು. ಜೀವಕ್ಕೂ ಅದಕ್ಕೂ ಸಂಬಂಧವಿಲ್ಲ.

ವಯಸ್ಸಿನ ಮಾತು ಬಂದರೆ ಹಾಸನ ಜಿಲ್ಲೆ ಯಾರಿಗೂ ಕಡಿಮೆಯಿಲ್ಲ. ಗೊರೂರಿನ ನೈಸ್ ಬಂಡೆಗಳಿಗೆ ಸುಮಾರು 330 ಕೋಟಿ ವರ್ಷ ಎಂದು ವಿಜ್ಞಾನಿಗಳು ಲೆಕ್ಕ ಹಾಕಿದ್ದಾರೆ. ಹೊಳೆನರಸೀಪುರದ ಶಿಸ್ಟ್ ಶಿಲಾಪಟ್ಟಿಯನ್ನು ನೋಡಲು ಹೊರದೇಶಗಳ ಭೂವಿಜ್ಞಾನಿಗಳೂ ಬರುತ್ತಾರೆ. ಚನ್ನರಾಯಪಟ್ಟಣ ತಾಲ್ಲೂಕಿನ ನುಗ್ಗೇಹಳ್ಳಿ ಪಟ್ಟಿಯಲ್ಲಿ, ಬೈರಾಪುರದ ಗಣಿಯಿಂದ ಕ್ರೋಮೈಟ್ ತೆಗೆದದ್ದು ಈ ಭಾಗದವರಿಗೆಲ್ಲ ಗೊತ್ತು. ಆದರೆ ಈ ಕಲ್ಲುಗಳು ತೀರ ಬೆಂದುಹೋಗಿವೆ. ಹೊಳೆನರಸೀಪುರದ ಕಡೆ ಸಿಗುವ ಕಯನೈಟ್, ಸ್ಟಾರೊಲೈಟ್ ಹರಳುಗಳೇ ಆ ಕಾವಿಗೆ ಸಾಕ್ಷಿ. ಕೂದಲೆಳೆಯಷ್ಟು ತೆಳುವಾದ ಜೀವದ ಗುರುತು ಅಂಥ ಬೆಂಕಿಯಲ್ಲಿ ಉಳಿಯುವುದು ಕಷ್ಟ. ಅದನ್ನು ಹುಡುಕಬೇಕಾದರೆ ಜಿಲ್ಲೆಯ ಗಡಿ ದಾಟಿ, ತಿಪಟೂರಿನಾಚೆ ಗುಬ್ಬಿ ತಾಲ್ಲೂಕಿನ ದೊಡ್ಡಗುಣಿಗೆ ಹೋಗಬೇಕು.

ದೊಡ್ಡಗುಣಿಯ ಸುಣ್ಣಕಲ್ಲು, ಡೋಲೊಮೈಟ್ ಕಲ್ಲುಗಳಲ್ಲಿ ಇರುವುದು ಸ್ಟ್ರೊಮಾಟೊಲೈಟ್. ವಯಸ್ಸು ಸುಮಾರು 260 ಕೋಟಿ ವರ್ಷ. ಅಡ್ಡಕ್ಕೆ ಸೀಳಿದ ಈರುಳ್ಳಿಯ ಹಾಗೆ ಪದರದ ಮೇಲೆ ಪದರ, ಎಲ್ಲವೂ ಮೇಲ್ಮುಖವಾಗಿ ಉಬ್ಬಿರುತ್ತವೆ. ಇದು ಯಾವುದೋ ಒಂದು ಪ್ರಾಣಿಯ ಮೂಳೆಯಲ್ಲ, ಚಿಪ್ಪಲ್ಲ. ಆಳವಿಲ್ಲದ ಬೆಚ್ಚಗಿನ ನೀರಿನ ತಳದಲ್ಲಿ ಕಣ್ಣಿಗೆ ಕಾಣದ ಸೂಕ್ಷ್ಮಜೀವಿಗಳು ಲೋಳೆಯ ಹೊದಿಕೆಯಾಗಿ ಹರಡಿಕೊಳ್ಳುತ್ತವೆ. ಅವುಗಳಲ್ಲಿ ಮುಖ್ಯವಾದವು ನಾವು ನೀಲಿ-ಹಸಿರು ಪಾಚಿ ಎನ್ನುವ ಸೈನೊಬ್ಯಾಕ್ಟೀರಿಯಾ. ತೇಲಿ ಬಂದ ನುಣ್ಣನೆಯ ಕೆಸರು ಆ ಲೋಳೆಗೆ ಅಂಟುತ್ತದೆ, ನೀರಿನಲ್ಲಿ ಕರಗಿದ ಸುಣ್ಣವೂ ಅಲ್ಲೇ ಗಟ್ಟಿಯಾಗುತ್ತದೆ. ಬೆಳಕು ಮುಚ್ಚಿಹೋದಾಗ ಜೀವಿಗಳು ಕೆಸರನ್ನು ಸೀಳಿಕೊಂಡು ಮೇಲೆ ಬಂದು ಹೊಸ ಹೊದಿಕೆ ಹಾಸುತ್ತವೆ. ಸತ್ತವು ಕೆಳಗೆ, ಬದುಕಿದವು ಮೇಲೆ. ಹೀಗೆ ಸಾವಿರಾರು ವರ್ಷ ನಡೆದಾಗ ಒಂದು ದಿಬ್ಬ.

ಇದನ್ನು ಜೀವದ ಕೆಲಸವೆಂದು ಒಪ್ಪಿಕೊಳ್ಳಲು ವಿಜ್ಞಾನಿಗಳಿಗೇ ಬಹಳ ಕಾಲ ಹಿಡಿಯಿತು. 1883ರಲ್ಲಿ ಅಮೆರಿಕದ ಜೇಮ್ಸ್ ಹಾಲ್ ನ್ಯೂಯಾರ್ಕ್ ರಾಜ್ಯದ ಇಂಥ ಕಲ್ಲುಗಳಿಗೆ ಕ್ರಿಪ್ಟೊಜೋವನ್ ಎಂದು ಹೆಸರಿಟ್ಟರು. ಇಂದಿನ ಹೆಸರು ಕೊಟ್ಟವರು ಜರ್ಮನಿಯ ಅರ್ನ್ಸ್ಟ್ ಕಾಲ್ಕೋವ್ಸ್ಕಿ, 1908ರಲ್ಲಿ. ಆದರೂ 1931ರಲ್ಲಿ ಕೇಂಬ್ರಿಜ್‌ನ ದೊಡ್ಡ ಸಸ್ಯವಿಜ್ಞಾನಿ ಎ. ಸಿ. ಸೀವರ್ಡ್ ಇದು ಜೀವಿಗಳ ಕೆಲಸವೆನ್ನಲು ಆಧಾರ ಸಾಲದೆಂದರು. ವಾದ ಬಹುಮಟ್ಟಿಗೆ ಮುಗಿದದ್ದು 1950ರ ದಶಕದಲ್ಲಿ, ಪಶ್ಚಿಮ ಆಸ್ಟ್ರೇಲಿಯಾದ ಶಾರ್ಕ್ ಬೇ ಕೊಲ್ಲಿಯಲ್ಲಿ ಜೀವಂತ ಸ್ಟ್ರೊಮಾಟೊಲೈಟ್‌ಗಳೇ ಕಂಡಾಗ. ಅಲ್ಲಿಯ ನೀರು ಸಮುದ್ರಕ್ಕಿಂತ ಎರಡು ಪಟ್ಟು ಉಪ್ಪು. ಪಾಚಿ ಮೇಯುವ ಬಸವನಹುಳುಗಳು ಅಲ್ಲಿ ಬಾಳಲಾರವು, ಹಾಗಾಗಿ ಪಾಚಿ ಉಳಿಯಿತು. ಬೆಳವಣಿಗೆ ವರ್ಷಕ್ಕೆ ಅರ್ಧ ಮಿಲಿಮೀಟರನ್ನೂ ಮುಟ್ಟುವುದಿಲ್ಲ. ಹಿಂದೆ ಉಣ್ಣೆ ಸಾಗಿಸಿದ ಬಂಡಿಗಳ ಚಕ್ರದ ಗುರುತು ಆ ಹೊದಿಕೆಯ ಮೇಲೆ ಇವತ್ತಿಗೂ ಮಾಸಿಲ್ಲ. ಒಮ್ಮೆ ತುಳಿದರೆ ಗಾಯ ಮಾಯಲು ನೂರು ವರ್ಷವೂ ಸಾಲದು!

ನಮ್ಮಲ್ಲಿ ಈ ಕಲ್ಲುಗಳತ್ತ ಕಣ್ಣು ಹರಿದದ್ದು ತಡವಾಗಿ. ಮೈಸೂರು ಸಂಸ್ಥಾನದ ಭೂವಿಜ್ಞಾನ ಇಲಾಖೆ ಶುರುವಾದದ್ದು 1894ರಲ್ಲಿ. ಕೋಲಾರದ ಚಿನ್ನ ಹೊಳೆಯುತ್ತಿದ್ದ ಕಾಲ. ಧಾರವಾಡ ಶಿಲಾವರ್ಗವೆಂದು ಭೂವಿಜ್ಞಾನಿ ಬ್ರೂಸ್ ಫೂಟ್ ಗುರುತಿಸಿದ ಕಲ್ಲುಗಳಲ್ಲಿ ಜನ ಹುಡುಕಿದ್ದು ಚಿನ್ನ, ಕಬ್ಬಿಣ, ಮ್ಯಾಂಗನೀಸ್. ಅಷ್ಟು ಹಳೆಯ ಕಲ್ಲಿನಲ್ಲಿ ಜೀವ ಎಲ್ಲಿಂದ ಬರಬೇಕು ಎಂಬ ನಂಬಿಕೆಯೂ ಗಟ್ಟಿಯಾಗಿತ್ತು. ಮೊದಲು ಬೆಳಕಿಗೆ ಬಂದದ್ದು ಅಷ್ಟು ಹಳೆಯದಲ್ಲದ, ಉತ್ತರದ ಕಲಾದಗಿ ಶಿಲೆಗಳ ಸ್ಟ್ರೊಮಾಟೊಲೈಟ್. ಆಗಿನ ವಿಜಾಪುರ ಜಿಲ್ಲೆಯ ಅಲಗುಂಡಿಯ ಮಾದರಿಗಳ ಬಗ್ಗೆ ವಿಶ್ವನಾಥಯ್ಯ ಮತ್ತು ಚಂದ್ರಶೇಖರ ಗೌಡ 1970ರಲ್ಲಿ ಭಾರತೀಯ ಭೂವೈಜ್ಞಾನಿಕ ಸಂಘದ ಪತ್ರಿಕೆಯಲ್ಲಿ ಬರೆದರು. ಬಿ. ಪಿ. ರಾಧಾಕೃಷ್ಣ ಮುಂದೆ ನಿಂತು 1958ರಲ್ಲಿ ಬೆಂಗಳೂರಿನಲ್ಲಿ ಕಟ್ಟಿದ ಸಂಘ ಅದು. ಅಂಥದೊಂದು ಪತ್ರಿಕೆ ನಮ್ಮಲ್ಲೇ ಇಲ್ಲದಿದ್ದರೆ ಈ ಕಥೆಯ ಎಷ್ಟೋ ಭಾಗ ಯಾರದೋ ಟಿಪ್ಪಣಿ ಪುಸ್ತಕದಲ್ಲೇ ಉಳಿದುಬಿಡುತ್ತಿತ್ತು.

ಅಲ್ಲಿಂದ ಮುಂದೆ 1980ರ ದಶಕ ನಿಜಕ್ಕೂ ಸುಗ್ಗಿ. 1984ರಲ್ಲಿ ಸಂಡೂರಿನಿಂದ ವರದಿ, 1986ರಲ್ಲಿ ದೊಡ್ಡಗುಣಿಯಿಂದ. 1987ರಲ್ಲಿ ಸಂಡೂರಿನ ಬೆಣಚಿನಂಥ ಚರ್ಟ್ ಕಲ್ಲಿನೊಳಗೆ ಸೈನೊಬ್ಯಾಕ್ಟೀರಿಯಾದ ರೂಪಗಳೇ ಉಳಿದಿವೆ ಎಂಬ ವರದಿ ಬಂತು. 1989ರಲ್ಲಿ ಹೈದರಾಬಾದಿನ ಭೂಭೌತ ಸಂಸ್ಥೆಯ ಎಸ್. ಎಂ. ನಖ್ವಿ, ಆರ್. ಶ್ರೀನಿವಾಸನ್, ಲಖನೌದ ಬೀರಬಲ್ ಸಾಹ್ನಿ ಸಂಸ್ಥೆಯ ಬಿ. ಎಸ್. ವೆಂಕಟಾಚಲ ಮೊದಲಾದವರು ಚಿತ್ರದುರ್ಗ ಶಿಲಾಪಟ್ಟಿಯ ಸ್ಟ್ರೊಮಾಟೊಲೈಟ್‌ಗಳನ್ನು ಜಗತ್ತಿನ ಮುಂದಿಟ್ಟರು. ಸೈನೊಬ್ಯಾಕ್ಟೀರಿಯಾ ಹೊರಬಿಡುವ ಆಮ್ಲಜನಕ ಗಾಳಿಯಲ್ಲಿ ತುಂಬತೊಡಗಿದ್ದು ಸುಮಾರು 240 ಕೋಟಿ ವರ್ಷದ ಹಿಂದೆ. ನಮ್ಮ ಈ ಕಲ್ಲುಗಳು ಅದಕ್ಕೂ ಮುಂಚಿನವು. ನಾವು ಉಸಿರಾಡುವ ಗಾಳಿ ಹೇಗೆ ತಯಾರಾಯಿತು ಎಂಬುದರ ದಾಖಲೆ ತುಮಕೂರು, ಬಳ್ಳಾರಿ ಸೀಮೆಯ ಹೊಲಗಳಂಚಿನಲ್ಲಿ ಬಿದ್ದಿದೆ.

ಕಷ್ಟ ಎಲ್ಲಿ ಎಂದರೆ, ಈ ದಾಖಲೆ ಬರೆದಿರುವ ಹಾಳೆಯೇ ಮಾರಾಟದ ಸರಕು. ಸುಣ್ಣಕಲ್ಲು ಸಿಮೆಂಟಿಗೆ ಬೇಕು, ಡೋಲೊಮೈಟ್ ಉಕ್ಕಿನ ಕಾರ್ಖಾನೆಗೆ ಬೇಕು. ಸಂಡೂರು, ಚಿಕ್ಕನಾಯಕನಹಳ್ಳಿ ಸೀಮೆಗಳಲ್ಲಿ ಮ್ಯಾಂಗನೀಸ್, ಕಬ್ಬಿಣದ ಗಣಿಗಳು ಬೇರೆ. ಬಂಡೆಯ ಒಳಮೈ ತೆರೆದು ತೋರಿಸುವುದೂ ಕ್ವಾರಿ, ಪುಡಿಮಾಡಿ ಲಾರಿಗೆ ತುಂಬುವುದೂ ಕ್ವಾರಿ. ರಾಜಸ್ಥಾನದ ಉದಯಪುರದ ಬಳಿ ಝಾಮರಕೋಟ್ರಾದಲ್ಲಂತೂ ಸ್ಟ್ರೊಮಾಟೊಲೈಟೇ ರಸಗೊಬ್ಬರದ ಫಾಸ್ಫೇಟ್ ಅದಿರು. ಅಲ್ಲಿ ಗಣಿಯ ಜೊತೆಗೇ ಒಂದಿಷ್ಟು ಜಾಗವನ್ನು ಸ್ಟ್ರೊಮಾಟೊಲೈಟ್ ಉದ್ಯಾನವೆಂದು ಉಳಿಸಿಕೊಂಡಿದ್ದಾರೆ. ಚಿತ್ತೋಡಗಢದ ಭೋಜುಂಡಾ, ಸಿಕ್ಕಿಮಿನ ಮಾಮ್ಲೆ, ಉತ್ತರ ಪ್ರದೇಶದ ಸಲ್ಖನ್ ಕೂಡ ಹೀಗೆಯೇ ಕಾವಲಿಗೆ ಬಂದ ಜಾಗಗಳು.

ಕರ್ನಾಟಕದಲ್ಲಿ ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕಗಳು ನಾಲ್ಕಿವೆ: ಲಾಲ್‌ಬಾಗಿನ ಬಂಡೆ, ಮರಡಿಹಳ್ಳಿಯ ದಿಂಬುಲಾವಾ, ಮಲ್ಪೆಯ ಸೇಂಟ್ ಮೇರಿಸ್ ದ್ವೀಪದ ಕಂಬಶಿಲೆ, ಕೋಲಾರ ಚಿನ್ನದ ಗಣಿ ಪ್ರದೇಶದ ಜ್ವಾಲಾಮುಖಿ ಶಿಲೆ. ನಾಲ್ಕೂ ಬೆಂಕಿಯಿಂದ ಬಂದ ಕಲ್ಲುಗಳ ಕಥೆ ಹೇಳುತ್ತವೆ. ಜೀವದ ಕಥೆ ಹೇಳುವ ಒಂದು ಕಲ್ಲೂ ಈ ಪಟ್ಟಿಯಲ್ಲಿಲ್ಲ. ನಲವತ್ತು ವರ್ಷದ ಹಿಂದೆಯೇ ವಿಜ್ಞಾನ ಪತ್ರಿಕೆಗಳಿಗೆ ಹೋದ ದೊಡ್ಡಗುಣಿ ಇಲ್ಲದಿರುವುದು ನನಗೆ ದೊಡ್ಡ ಕೊರತೆಯಾಗಿಯೇ ಕಾಣುತ್ತದೆ. 2022ರ ಡಿಸೆಂಬರಿನಲ್ಲಿ ಕೇಂದ್ರದ ಗಣಿ ಸಚಿವಾಲಯ ಭೂಪರಂಪರೆಯ ತಾಣಗಳ ರಕ್ಷಣೆಗೆಂದು ಕರಡು ಮಸೂದೆಯೊಂದನ್ನು ಜನರ ಮುಂದಿಟ್ಟಿತು. ಅಂಥ ಕಾನೂನು ನಿಜಕ್ಕೂ ಬೇಕು. ಅದಕ್ಕೆ ಕಾಯದೆ ಗ್ರಾಮ ಪಂಚಾಯಿತಿಯೂ ಗಣಿ ಮತ್ತು ಭೂವಿಜ್ಞಾನ ಇಲಾಖೆಯೂ ಸೇರಿ ಒಂದು ಫಲಕ, ಒಂದು ಬೇಲಿ ಹಾಕಬಹುದು.

ಇನ್ನು ಕೂಡಿಡುವ ವಿಚಾರ. ನೆಲದಲ್ಲಿ ನೆಲೆಯಾಗಿ ನಿಂತ ಸ್ಟ್ರೊಮಾಟೊಲೈಟನ್ನು ಸುತ್ತಿಗೆಯಿಂದ ಒಡೆದು ಮನೆಗೆ ತರುವುದು ಸಂಗ್ರಹವಲ್ಲ, ಹಾನಿ. ಅದರ ಮೇಲ್ಮೈ ಯಾವ ಕಡೆಗಿತ್ತು, ಪಕ್ಕದಲ್ಲಿ ಯಾವ ಪದರವಿತ್ತು ಎಂಬ ಸಂಗತಿ ತಪ್ಪಿಹೋದರೆ ಉಳಿಯುವುದು ಶೋಕೇಸಿನ ಕಲ್ಲು ಮಾತ್ರ. ಕ್ವಾರಿಯಲ್ಲಿ ಈಗಾಗಲೇ ಒಡೆದು ಬಿದ್ದ ತುಂಡುಗಳ ಮಾತು ಬೇರೆ. ಕ್ರಷರಿಗೆ ಹೋಗುವ ಮುನ್ನ, ಕ್ವಾರಿಯವರನ್ನು ಕೇಳಿ ಎತ್ತಿಡಲೇಬೇಕಾದವು ಅವು. ಆಗಲೂ ತುಂಡಿನ ಮೇಲೆ ಅಳಿಸದ ಶಾಯಿಯಿಂದ ಸಂಖ್ಯೆ, ಮೇಲ್ಮುಖ ಗೊತ್ತಿದ್ದರೆ ಬಾಣದ ಗುರುತು, ಪುಸ್ತಕದಲ್ಲಿ ಊರು, ಸರ್ವೆ ನಂಬರು, ದಿನಾಂಕ ಇರಲಿ. ಹೊಳಪಿಗೆಂದು ವಾರ್ನಿಷ್ ಬಳಿಯಬೇಡಿ, ಆಸಿಡ್ಡಿನಲ್ಲಿ ತೊಳೆಯಬೇಡಿ: ಸುಣ್ಣದ ಪದರ ಆಸಿಡ್ಡಿಗೆ ಕರಗಿಹೋಗುತ್ತದೆ. ಪಟ್ಟೆಯಿದ್ದದ್ದೆಲ್ಲ ಸ್ಟ್ರೊಮಾಟೊಲೈಟ್ ಅಲ್ಲವೆಂಬುದೂ ನೆನಪಿರಲಿ. 2021ರಲ್ಲಿ ಭೀಮಬೇಟ್ಕಾದ ಗುಹೆಯ ಗೋಡೆಯಲ್ಲಿ ಡಿಕಿನ್ಸೋನಿಯಾ ಎಂಬ ಜೀವಿಯ 55 ಕೋಟಿ ವರ್ಷದ ಪಳೆಯುಳಿಕೆ ಸಿಕ್ಕಿತೆಂದು ಲೋಕವೇ ಸಂಭ್ರಮಿಸಿತ್ತು. 2023ರ ಹೊತ್ತಿಗೆ ಅದು ಜೇನುಗೂಡು ಉದುರಿ ಉಳಿದ ಗುರುತೆಂದು ಗೊತ್ತಾಯಿತು. ಪಂಡಿತರಿಗೇ ಹೀಗಾಗುತ್ತದೆಂದ ಮೇಲೆ ನಾವು ನೀವು ಅವಸರ ಮಾಡುವಂತಿಲ್ಲ.

ಉಬ್ಬು ಪದರಗಳ ಕಲ್ಲು ನಿಮ್ಮ ಕಣ್ಣಿಗೆ ಬಿದ್ದರೆ ಪಕ್ಕದಲ್ಲೊಂದು ನಾಣ್ಯ ಇಟ್ಟು ಫೋಟೋ ತೆಗೆಯಿರಿ, ಜಾಗ ಗುರುತು ಮಾಡಿಕೊಳ್ಳಿ, ಕಲ್ಲನ್ನು ಇದ್ದಲ್ಲೇ ಬಿಡಿ. ನಂತರ ಹತ್ತಿರದ ಕಾಲೇಜಿನ ಭೂವಿಜ್ಞಾನ ವಿಭಾಗಕ್ಕೋ ಜಿಲ್ಲೆಯ ಗಣಿ ಮತ್ತು ಭೂವಿಜ್ಞಾನ ಇಲಾಖೆಯ ಕಚೇರಿಗೋ ತಿಳಿಸಿ.