ಬೋರ್ಡಿನ ಮೇಲೆ ‘ರಿ’ ಇದ್ದರೆ ಸಾಕೆ?

ಕುರುಬರಹಳ್ಳಿ ಸರ್ಕಲ್ ಕಡೆ ತರಕಾರಿಗೆ ಅಂತ ಹೋಗುವಾಗ ಒಮ್ಮೆ ತಲೆಯೆತ್ತಿ ನೋಡಿ. ಬೇಕರಿ ಮೇಲೊಂದು ಹಲ್ಲಿನ ಕ್ಲಿನಿಕ್, ಸೀರೆ ಅಂಗಡಿ ಪಕ್ಕದ ಮೆಟ್ಟಿಲು ಹತ್ತಿದರೆ ಫಿಸಿಯೋಥೆರಪಿ, ಅಡ್ಡರಸ್ತೆಯ ಮನೆಯೊಂದರ ಮೊದಲ ಮಹಡಿಯಲ್ಲಿ ಮಾತು ಬಾರದ ಮಕ್ಕಳಿಗೆ ತರಬೇತಿ... ಹತ್ತಿರದಲ್ಲೇ ಇದೆಯಲ್ಲ, ಆಟೋ ದುಡ್ಡಾದರೂ ಉಳೀತು ಅಂತ ನಮಗೆ ನೆಮ್ಮದಿ. ಸರಿಯೇ. ಆದರೆ ಚಿನ್ನದಂಗಡಿಯಲ್ಲಿ ಬಳೆ ತಿರುಗಿಸಿ ಹಾಲ್‌ಮಾರ್ಕ್ ಹುಡುಕುವ ನಾವು, ಮಗುವನ್ನು ಒಪ್ಪಿಸುವ ಜಾಗದಲ್ಲಿ ಗೋಡೆ ಮೇಲೆ ಏನು ತೂಗುಹಾಕಿದ್ದಾರೆ ಅಂತ ಓದ್ತೀವಾ?

ಓದಿದರೂ ಏನು ಕಾಣುತ್ತೆ? ಸಂಸ್ಥೆಯ ಹೆಸರು, ಅದರ ಮುಂದೆ ಕಂಸದಲ್ಲಿ ‘ರಿ’. ಅಲ್ಲಿಗೆ ನಮಗೆ ಸಮಾಧಾನ, ‘ಗವರ್ನ್‌ಮೆಂಟ್ ರಿಜಿಸ್ಟರ್ ಆಗಿದೆ ಬಿಡಿ’ ಅಂತ. ಎಡವೋದು ಇಲ್ಲೇ ನೋಡಿ. ಈ ‘ರಿ’ ಅಂದರೆ ಸಾಮಾನ್ಯವಾಗಿ 1960ರ ಸಂಘಗಳ ನೋಂದಣಿ ಕಾಯ್ದೆಯಡಿ ಸಂಘ ಆಗಿದೆ, ಇಲ್ಲವೇ ಟ್ರಸ್ಟ್ ಪತ್ರ ನೋಂದಣಿಯಾಗಿದೆ ಎಂದಷ್ಟೇ. ಗಣೇಶೋತ್ಸವ ಸಮಿತಿಗೂ ‘ರಿ’ ಇರುತ್ತೆ, ಕ್ರಿಕೆಟ್ ಕ್ಲಬ್ಬಿಗೂ ಇರುತ್ತೆ. ಪಾಲಿಕೆಯ ಟ್ರೇಡ್ ಲೈಸೆನ್ಸ್, ಜಿಎಸ್‌ಟಿ ನಂಬರು, ಫ್ರೇಮ್ ಹಾಕಿದ ಐಎಸ್‌ಒ ಪತ್ರ – ಇವೂ ಅಷ್ಟೇ. ಮಗುವನ್ನು ನೋಡಿಕೊಳ್ಳುವ ಅರ್ಹತೆ ಇದೆ ಅಂತ ಇವುಗಳಲ್ಲಿ ಯಾವುದೂ ಹೇಳೋದಿಲ್ಲ.

ಹಾಗಾದರೆ ಯಾವ ಪತ್ರ ಕೇಳಬೇಕು? ಹೋಗುವ ಜಾಗದ ಮೇಲೆ ಅದು ಬೇರೆ ಬೇರೆ.

ಸುಲಭದ್ದು ಮೊದಲು. ಕ್ಲಿನಿಕ್, ನರ್ಸಿಂಗ್ ಹೋಮ್, ಲ್ಯಾಬ್, ಸ್ಕ್ಯಾನಿಂಗ್ ಸೆಂಟರ್, ಫಿಸಿಯೋಥೆರಪಿ – ಖಾಸಗಿಯಾಗಿದ್ದರೆ ಎಲ್ಲವೂ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆ, 2007ರಡಿ ನೋಂದಣಿ ಆಗಿರಲೇಬೇಕು. ಎಲ್ಲರೂ ‘ಕೆಪಿಎಂಇ’ ಅನ್ನೋದು ಇದನ್ನೇ. ಜಿಲ್ಲಾಧಿಕಾರಿ ಅಧ್ಯಕ್ಷತೆಯ ಪ್ರಾಧಿಕಾರ ಕೊಡುವ ಈ ಪತ್ರಕ್ಕೆ ಐದು ವರ್ಷದ ಆಯುಸ್ಸು. ದರಪಟ್ಟಿಯನ್ನೂ ಕಾಣುವಂತೆ ಹಾಕಬೇಕು. 2024ರಲ್ಲಿ ಆರೋಗ್ಯ ಇಲಾಖೆ ಇನ್ನೊಂದು ಸೂಚನೆ ಕೊಟ್ಟಿತು: ಬೋರ್ಡಿನ ಮೇಲೇ ಕೆಪಿಎಂಇ ಸಂಖ್ಯೆ ಇರಬೇಕು, ಅಲೋಪತಿಗೆ ನೀಲಿ ಬಣ್ಣ, ಆಯುರ್ವೇದಕ್ಕೆ ಹಸಿರು. ಆಯುರ್ವೇದ ಓದಿದವರು ಹಸಿರು ಬೋರ್ಡಿನಡಿ ಕೂತರೆ ಯಾರ ತಕರಾರೂ ಇಲ್ಲ. ಯಾವ ಪದ್ಧತಿ ಅಂತ ನಮಗೆ ತಿಳಿದಿರಬೇಕು ಅಷ್ಟೆ. ಒಳಗೆ ಹೋದಾಗ ಕಸದ ಬುಟ್ಟಿಗಳ ಮೇಲೂ ಒಂದು ಕಣ್ಣಿಡಿ. ರಕ್ತದ ಹತ್ತಿಗೆ ಹಳದಿ, ಟ್ಯೂಬು-ಬಾಟಲಿಯಂಥ ಪ್ಲಾಸ್ಟಿಕ್ಕಿಗೆ ಕೆಂಪು, ಸೂಜಿಗೆ ಚುಚ್ಚದಂಥ ಬಿಳಿ ಡಬ್ಬ, ಗಾಜಿಗೆ ನೀಲಿ. ಎಲ್ಲವೂ ಒಂದೇ ಕರಿ ಕವರಿನಲ್ಲಿ ಬಿದ್ದಿದ್ದರೆ, ಗೋಡೆಯ ಪತ್ರ ಎಷ್ಟು ಹೊಳೆದರೂ ಏನು ಬಂತು?

ಸ್ಕ್ಯಾನಿಂಗಿಗೆ ಇದರ ಜೊತೆ 1994ರ ಭ್ರೂಣಲಿಂಗ ಪತ್ತೆ ನಿಷೇಧ ಕಾಯ್ದೆಯ ನೋಂದಣಿ, ಐವಿಎಫ್ ಕೇಂದ್ರಕ್ಕೆ 2021ರ ಕಾಯ್ದೆಯ ನೋಂದಣಿ ಪ್ರತ್ಯೇಕ. ಕಾಗದದ ಕಾಟ ಅಂದುಕೊಳ್ಳಬೇಡಿ. 2023ರ ಕೊನೆಯಲ್ಲಿ ಮಂಡ್ಯ ಜಿಲ್ಲೆಯ ಆಲೆಮನೆಯೊಂದರಲ್ಲಿ ಬಸುರಿಯರಿಗೆ ಸ್ಕ್ಯಾನ್ ಮಾಡುತ್ತಿದ್ದ ಜಾಲ ಬೆಳಕಿಗೆ ಬಂದಿದ್ದು ನೆನಪಿದೆಯಲ್ಲ?

ಈಗ ಕಷ್ಟದ್ದು. ನಿಮ್ಮ ನಾದಿನಿ ಮಗನಿಗೆ ಮೂರು ತುಂಬಿದೆ, ಇನ್ನೂ ಮಾತಿಲ್ಲ, ಕರೆದರೆ ತಿರುಗಿ ನೋಡಲ್ಲ ಅನ್ನಿ. ಯಾರೋ ‘ಪಕ್ಕದ ರೋಡಲ್ಲೇ ಥೆರಪಿ ಸೆಂಟರ್ ಇದೆ, ಚೆನ್ನಾಗಿ ಮಾಡ್ತಾರಂತೆ’ ಅಂತಾರೆ. ಹೋಗುವ ಮುಂಚೆ ನಿಮ್ಹಾನ್ಸ್‌ನಂಥ ಕಡೆ, ಇಲ್ಲವೇ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಒಮ್ಮೆ ಸರಿಯಾಗಿ ಪರೀಕ್ಷೆ ಮಾಡಿಸಿ. ಆಮೇಲೆ ಸೆಂಟರಿನಲ್ಲಿ ಎರಡು ವಿಷಯ ಕೇಳಿ.

ಒಂದು, ಮಗುವಿನ ಜೊತೆ ನಿಜವಾಗಿ ಕೂರುವವರು ಯಾರು? ಸ್ಪೀಚ್ ಥೆರಪಿಸ್ಟ್, ವಿಶೇಷ ಶಿಕ್ಷಕಿ, ಕ್ಲಿನಿಕಲ್ ಸೈಕಾಲಜಿಸ್ಟ್ – ಇವರೆಲ್ಲ ಭಾರತೀಯ ಪುನರ್ವಸತಿ ಪರಿಷತ್ತಿನಲ್ಲಿ, ಅಂದರೆ ಆರ್‌ಸಿಐನಲ್ಲಿ ಹೆಸರು ನೋಂದಾಯಿಸಿರಬೇಕು ಅಂತ 1992ರ ಕಾಯ್ದೆ ಹೇಳುತ್ತೆ. ಪ್ರತಿಯೊಬ್ಬರಿಗೂ ಒಂದು ಸಿಆರ್‌ಆರ್ ಸಂಖ್ಯೆ ಇರುತ್ತೆ. ಅದನ್ನು ಬರೆದುಕೊಂಡು ಬಂದು ಆರ್‌ಸಿಐ ಜಾಲತಾಣದಲ್ಲಿ ಹುಡುಕಿಸಿ. ಮನೆಯಲ್ಲಿ ಕಾಲೇಜಿಗೆ ಹೋಗುವ ಮಕ್ಕಳಿದ್ದರೆ ಐದು ನಿಮಿಷದ ಕೆಲಸ. ನೋಂದಣಿ ಇಲ್ಲದೆ ಈ ಕೆಲಸ ಮಾಡಿದರೆ ಒಂದು ವರ್ಷದವರೆಗೆ ಜೈಲು, ಇಲ್ಲವೇ ಸಾವಿರ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಸಾವಿರ ರೂಪಾಯಿ! ಥೆರಪಿಯ ಒಂದೆರಡು ದಿನದ ಫೀಸಿಗೆ ಸಮ. ಇಂಥ ದಂಡಕ್ಕೆ ಹೆದರುವವರು ಯಾರು ಹೇಳಿ? ಅದಕ್ಕೇ ಕೇಳುವ ಕೆಲಸ ನಮ್ಮ ತಲೆ ಮೇಲೇ ಬಿದ್ದಿದೆ.

(ಫಿಸಿಯೋಥೆರಪಿಸ್ಟ್ ಆರ್‌ಸಿಐ ಪಟ್ಟಿಗೆ ಬರೋದಿಲ್ಲ. ಅವರ ಹತ್ತಿರ ಆ ಸಂಖ್ಯೆ ಕೇಳಿ ಜಗಳ ಕಾಯಬೇಡಿ ಮತ್ತೆ.)

ಎರಡನೆಯದು, ಕೇಂದ್ರಕ್ಕೇ ಬೇಕಾದ ಪತ್ರ. ವಿಕಲಚೇತನರ ಹಕ್ಕುಗಳ ಕಾಯ್ದೆ, 2016ರ 50ನೇ ಸೆಕ್ಷನ್ ಪ್ರಕಾರ ವಿಕಲಚೇತನರಿಗಾಗಿ ಸಂಸ್ಥೆ ನಡೆಸಲು ನೋಂದಣಿ ಕಡ್ಡಾಯ. ‘ನಾವು ಬರೀ ಟ್ರೇನಿಂಗ್ ಕೊಡ್ತೀವಿ, ನಮಗೆ ಬೇಡ’ ಅಂದರೆ ನಂಬಬೇಡಿ. ಆಶ್ರಯ, ಆರೈಕೆ, ಶಿಕ್ಷಣ, ತರಬೇತಿ, ಪುನರ್ವಸತಿ ಎಲ್ಲವೂ ಈ ವ್ಯಾಖ್ಯೆಯೊಳಗಿವೆ. ಪತ್ರವನ್ನು ಎದ್ದು ಕಾಣುವ ಜಾಗದಲ್ಲಿ ಹಾಕಬೇಕು ಅಂತಲೂ ಕಾಯ್ದೆಯಲ್ಲೇ ಇದೆ. ನಮ್ಮಲ್ಲಿ ಇದನ್ನೆಲ್ಲ ನೋಡಿಕೊಳ್ಳೋದು ವಿಕಲಚೇತನರ ಮತ್ತು ಹಿರಿಯ ನಾಗರಿಕರ ಸಬಲೀಕರಣ ಇಲಾಖೆ.

‘ಎಲ್ಲಾ ಸರಿ, ಆದ್ರೆ ಪತ್ರ ಕೇಳಿದ್ರೆ ಅವರು ಬೇಜಾರು ಮಾಡ್ಕೊಂಡು ಮಗೂನ ಸರಿಯಾಗಿ ನೋಡ್ಕೊಳ್ಳದೇ ಹೋದ್ರೆ?’ ನಿಮ್ಮ ಭಯ ಸುಳ್ಳಲ್ಲ. ಅದಕ್ಕೇ ಸೇರಿಸುವ ಮುಂಚೆ, ಫೀಸು ಕಟ್ಟುವ ಮುಂಚೆ ಕೇಳಿಬಿಡಬೇಕು. ಮಾತಿನಲ್ಲಿ ಖಾರ ಬೇಡ. ‘ಮೇಡಂ, ನಮ್ಮ ಯಜಮಾನರು ರಿಜಿಸ್ಟ್ರೇಷನ್ ನಂಬರ್ ಕೇಳ್ತಿದ್ರು’ ಅಂದರೆ ಮುಗೀತು. ನಮ್ಮ ಯಜಮಾನರು ಇಂಥದ್ದಕ್ಕಾದರೂ ಉಪಯೋಗಕ್ಕೆ ಬರಲಿ!

ಇನ್ನೊಂದು ಮಾತನ್ನೂ ಹೇಳಬೇಕು. ಈ ಬಡಾವಣೆಗಳ ಸಣ್ಣ ಕೇಂದ್ರಗಳಲ್ಲಿ ಕೆಲವನ್ನು ಅಂಥದೇ ಮಗುವಿನ ತಾಯಿ ತನ್ನ ಮನೆಯಲ್ಲೇ ಶುರುಮಾಡಿರುತ್ತಾಳೆ. ಮನಸ್ಸು ದೊಡ್ಡದು, ಕಾಗದ ಇನ್ನೂ ಆಗಿಲ್ಲ. ಅಂಥ ಕಡೆ ಬಾಗಿಲು ಮುಚ್ಚಿಸಿ ಅಂತ ನಾನು ಹೇಳಲಾರೆ. ಆ ಮಕ್ಕಳು ಮತ್ತೆ ಎಲ್ಲಿಗೆ ಹೋಗಬೇಕು? ಅರ್ಜಿ ಹಾಕಿದ್ದೀರಾ ಕೇಳಿ, ಸ್ವೀಕೃತಿ ಚೀಟಿ ನೋಡಿ. ಅರ್ಜಿ ಕೊಟ್ಟ 90 ದಿನದೊಳಗೆ ಇಲಾಖೆ ಕೊಡಬೇಕು, ಇಲ್ಲವೇ ನಿರಾಕರಿಸಬೇಕು. ನೀವು ಜೊತೆಗೆ ಕೂರುವಂತಿದ್ದು, ಹಗಲಿನ ಒಂದೆರಡು ಗಂಟೆಯ ತರಬೇತಿಯಾದರೆ ಕಾಯಬಹುದು.

ರಾತ್ರಿ ಇರಿಸಿಕೊಳ್ಳುವ ಜಾಗಕ್ಕೆ ಮಾತ್ರ ಈ ರಿಯಾಯಿತಿ ಇಲ್ಲ. ಬೆಳೆದ ಮಗನೋ, ಮನೋರೋಗ ಇರುವ ಅಕ್ಕನೋ, ನೋಡಿಕೊಳ್ಳಲು ನಮ್ಮ ಕೈಲಾಗದೆ ವಸತಿ ಕೇಂದ್ರಕ್ಕೆ ಬಿಡುವಾಗ ಪತ್ರ ಇಲ್ಲದಿದ್ದರೆ ಹಾಗೇ ವಾಪಸ್ ಕರೆದುಕೊಂಡು ಬನ್ನಿ. 2001ರ ಆಗಸ್ಟ್ 6ರಂದು ತಮಿಳುನಾಡಿನ ಏರ್ವಾಡಿಯಲ್ಲಿ ಏನಾಯಿತು? ಮಾನಸಿಕ ರೋಗಿಗಳ ಖಾಸಗಿ ಕೇಂದ್ರದ ಗರಿ ಚಪ್ಪರಕ್ಕೆ ಬೆಳಗಿನ ಜಾವ ಬೆಂಕಿ ಬಿತ್ತು. ಕಾಲಿಗೆ ಸರಪಳಿ ಹಾಕಿದ್ದರಿಂದ ಓಡಲಾಗದೆ 28 ಮಂದಿ ಸತ್ತರು. ಅಲ್ಲಿಗೆ ಅವರನ್ನು ಬಿಟ್ಟು ಬಂದವರು ಅವರ ಮನೆಯವರೇ. ಈಗಿನ ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017 ಯಾವ ರೂಪದಲ್ಲೂ ಸರಪಳಿ ಹಾಕುವಂತಿಲ್ಲ ಅನ್ನುತ್ತೆ. ಮನೋರೋಗಿಗಳನ್ನು ಇರಿಸಿಕೊಳ್ಳುವ ಕೇಂದ್ರಕ್ಕೆ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದ ನೋಂದಣಿ ಇರಬೇಕು. ಕುಡಿತ ಬಿಡಿಸುವ ಕೇಂದ್ರಗಳಲ್ಲೂ ಇದನ್ನೇ ಕೇಳಿ.

ವಸತಿ ಕೇಂದ್ರಕ್ಕೆ ಹೇಳದೆ ಕೇಳದೆ ಒಮ್ಮೆ ಊಟದ ಹೊತ್ತಿಗೆ ಹೋಗಿ. ಅಡುಗೆಮನೆ, ಬಚ್ಚಲು, ಮಲಗುವ ಕೋಣೆ ತೋರಿಸಿ ಅನ್ನಿ. ಕಿಟಕಿಗೆ ಗ್ರಿಲ್ ಇದ್ದು ಬಾಗಿಲಿಗೆ ಹೊರಗಿನಿಂದ ಬೀಗ ಇದ್ದರೆ, ಬೆಂಕಿ ಬಿದ್ದಾಗ ಕೀಲಿ ಯಾರ ಹತ್ತಿರ ಇರುತ್ತೆ ಅಂತ ಕೇಳಿ. ರಾತ್ರಿ ಎಷ್ಟು ಜನ ಆಯಾಗಳು ಇರ್ತಾರೆ, ಹೆಣ್ಣುಮಕ್ಕಳ ಕಡೆ ಹೆಂಗಸರೇ ಇದ್ದಾರಾ? ‘ಮೊದಲ ಮೂರು ತಿಂಗಳು ಮನೆಯವರು ಬರೋ ಹಾಗಿಲ್ಲ, ಅಡ್ಜಸ್ಟ್ ಆಗಲಿ’ ಅನ್ನುವ ಕಡೆ ಬಿಡಲೇಬೇಡಿ.

ತಪ್ಪು ಕಂಡರೆ? ಕ್ಲಿನಿಕ್‌ಗಳ ದೂರಿಗೆ ಜಿಲ್ಲಾ ಆರೋಗ್ಯಾಧಿಕಾರಿ ಕಚೇರಿ. ವಿಕಲಚೇತನರ ಕೇಂದ್ರವಾದರೆ ಜಿಲ್ಲಾ ವಿಕಲಚೇತನರ ಕಲ್ಯಾಣಾಧಿಕಾರಿ, ಮೇಲೆ ರಾಜ್ಯ ಆಯುಕ್ತರು. ಮಕ್ಕಳ ವಿಷಯಕ್ಕೆ 1098. ತಮ್ಮ ಸುಪರ್ದಿಯಲ್ಲಿರುವ ವಿಕಲಚೇತನರಿಗೆ ಬೇಕೆಂದೇ ಊಟ, ನೀರು ಕೊಡದಿರುವುದೂ 92ನೇ ಸೆಕ್ಷನ್ ಪ್ರಕಾರ ಅಪರಾಧ – ಆರು ತಿಂಗಳಿಗೆ ಕಡಿಮೆಯಿಲ್ಲದ, ಐದು ವರ್ಷದವರೆಗಿನ ಶಿಕ್ಷೆ. ಅಂಥದ್ದಕ್ಕೆ ಇಲಾಖೆ ಬಾಗಿಲು ತಟ್ಟುತ್ತಾ ಕೂರದೆ ನೇರ ಪೊಲೀಸ್ ಠಾಣೆಗೇ ಹೋಗಿ. ದೂರು ಬರವಣಿಗೆಯಲ್ಲಿರಲಿ, ಸೀಲು ಹಾಕಿಸಿದ ಪ್ರತಿಯೊಂದು ನಿಮ್ಮ ಹತ್ತಿರ ಇರಲಿ.

ಸೇರಿಸಿದ ದಿನವೇ ಪತ್ರದ ಫೋಟೊ ಮೊಬೈಲಿನಲ್ಲಿ ತೆಗೆದಿಡಿ. ಬಿಡದಿದ್ದರೆ ಸಂಖ್ಯೆ ಮತ್ತು ಯಾವ ತಾರೀಖಿನವರೆಗೆ ಅನ್ನೋದನ್ನು ಬರೆದುಕೊಳ್ಳಿ, ಹಾಲಿನ ಲೆಕ್ಕದ ಕ್ಯಾಲೆಂಡರಿನ ಮೇಲಾದರೂ ಸರಿ.