ಕಡಲಪಾಚಿ ಬೆಳೆಯನ್ನು ಕಾಯಬಲ್ಲುದೆ?

ಮಳೆಗಾಲದಲ್ಲಿ ನಮ್ಮ ಕಂಗಿಗೆ ಕೊಳೆರೋಗದ ಭಯ ಹೇಗೋ, ಸೊಲ್ಲಾಪುರ ಜಿಲ್ಲೆಯ ದ್ರಾಕ್ಷಿಗೆ ಬೂಜುತುಪ್ಪಟ ರೋಗದ ಭಯ ಹಾಗೆ. ಕತ್ತರಿಸಿದ ಬಳ್ಳಿ ಚಿಗುರುವ ಅಕ್ಟೋಬರದಲ್ಲಿ ಮಳೆ ಹಿಡಿಯಿತೆಂದರೆ ಎಲೆಯಡಿ ಬಿಳಿ ಬೂಜು ಕಾಣುತ್ತದೆ, ಹೂಗೊಂಚಲು ಒಣಗುತ್ತದೆ. ಆ ಜಿಲ್ಲೆಯ ಮಂದ್ರೂಪದ ಸುತ್ತ ಮನೆಮಾತು ಕನ್ನಡ, ಕಚೇರಿಯ ಮಾತು ಮರಾಠಿ. ಅವರು ಎರಡು ಬಗೆಯಲ್ಲೂ ನಮ್ಮ ನೆಂಟರು.

ಈಗ ಇಂಥ ರೋಗಗಳಿಗೆ ಕಡಲಪಾಚಿಯ ಸಾರವೆಂಬ ಮಾತು ಕೇಳಿಬರುತ್ತಿದೆ. ಕಂದು ಪಾಚಿಯಲ್ಲಿ ಲ್ಯಾಮಿನಾರಿನ್ ಎಂಬ ಸಕ್ಕರೆ ಜಾತಿಯ ವಸ್ತುವಿದೆ. ರೋಗಾಣುವಿನ ಕೋಶದ ಗೋಡೆಯಲ್ಲಿರುವುದೂ ಇಂಥದೇ. ಇದು ತಾಗಿದರೆ ಶತ್ರು ಬಂದನೆಂದು ಬಗೆದು ಗಿಡ ರಕ್ಷಣೆಗೆ ಅಣಿಯಾಗುತ್ತದೆ. 2003ರಲ್ಲಿ ಪ್ರಕಟವಾದ ಪ್ರಯೋಗವೊಂದರಲ್ಲಿ ದ್ರಾಕ್ಷಿಯೆಲೆಯ ಮೇಲಿನ ಬೂಜುತುಪ್ಪಟ ಸುಮಾರು ಮುಕ್ಕಾಲು ಪಾಲು ತಗ್ಗಿತು. ಆದರೆ ಅದು ರೋಗಾಣುವನ್ನು ಕೊಲ್ಲದು, ಗಿಡವನ್ನು ಮೊದಲೇ ಎಚ್ಚರಿಸುತ್ತದೆ, ಅಷ್ಟೆ. ಹಿಡಿದ ರೋಗ ಅದರಿಂದ ಬಿಡದು.

ಎಲ್ಲ ಪಾಚಿಯೂ ಒಂದೇ ಅಲ್ಲ. ತಮಿಳುನಾಡಿನ ಕರಾವಳಿಯಲ್ಲಿ ಬೆಳೆಸುವ ಕಪ್ಪಾಫೈಕಸ್ ಕೆಂಪು ಪಾಚಿ. ಅದರಲ್ಲಿ ಲ್ಯಾಮಿನಾರಿನ್ ಇಲ್ಲ. ಅದರ ರಸ ಬೆಳವಣಿಗೆಗೆ ನೆರವಾಗುತ್ತದೆ. 2021ರಲ್ಲಿ ಕೇಂದ್ರ ಸರಕಾರ ಗೊಬ್ಬರ ನಿಯಂತ್ರಣ ಆದೇಶವನ್ನು ತಿದ್ದಿ ಪಾಚಿಸಾರವನ್ನು ‘ಜೈವಿಕ ಉತ್ತೇಜಕ’ಗಳ ಸಾಲಿಗೆ ಸೇರಿಸಿತು. ಶಿಲೀಂಧ್ರನಾಶಕಗಳ ಕಾನೂನೇ ಬೇರೆ.

ಆದುದರಿಂದ ಸೀಸೆಯ ಮೇಲಿನ ಬರಹ ಮರಾಠಿಯಿರಲಿ, ಮಲಯಾಳವಿರಲಿ, ಇಂಗ್ಲಿಷಿರಲಿ, ತಿಳಿದವರಿಂದ ಓದಿಸಿಕೊಂಡೇ ಹಣ ಕೊಡೋಣ. ಯಾವ ಪಾಚಿ, ಉತ್ತೇಜಕವೋ ನಾಶಕವೋ ಎಂದು ಕೇಳೋಣ. ಸಾರ ಹೊಡೆದೆವೆಂದು ಕಂಗಿಗೆ ಶೇಕಡಾ 1ರ ಬೋರ್ಡೊ ದ್ರಾವಣ ತಪ್ಪಿಸಿದರೆ, ಉದುರಿದ ಕಾಯಿಗೆ ಹೊಣೆ ನಾವೇ.