ಕಾರ್ಬೊರೇಟರ್ ಹೊಸದಾಗಿ ಕೂಡಿಸಿದ್ರೂ ಪೆಟ್ರೋಲ್ ತೊಟ್ಟಿಕ್ತಿದೆಯಾ?

ಮೈಸೂರಿನ ಹಳೇ ಯೆಜ್ಡಿ ಬೈಕ್. ಜಿಕೋವ್ ಕಾರ್ಬೊರೇಟರ್ ಬಿಚ್ಚಿ, ತೊಳೆದು, ಹೊಸ ಕಿಟ್ ಹಾಕಿ ಕೂಡಿಸಿದ್ದೀರಿ. ಬೆಳಗ್ಗೆ ನೋಡಿದರೆ ಗಾಡಿ ಕೆಳಗೆ ಪೆಟ್ರೋಲ್ ಕಲೆ!

ತಕ್ಷಣ ಸ್ಪ್ಯಾನರ್ ಹಿಡಿದು ಬಿಗಿ ಮಾಡಬೇಡಿ. ಎಷ್ಟೋ ಕಾರ್ಬೊರೇಟರ್‌ಗಳು ಹಾಳಾಗೋದೇ ಹಾಗೆ. ಮೆತ್ತನೆ ಲೋಹ, ಬಾಗಿಬಿಡುತ್ತೆ.

ಮೊದಲು ಒರೆಸಿ, ಪೆಟ್ರೋಲ್ ಕಾಕ್ ತೆರೆದು ಕಾಯಿರಿ. ಟೂ ಸ್ಟ್ರೋಕ್ ಅಲ್ವಾ, ಪೆಟ್ರೋಲ್ ಆರಿದರೂ ಅದಕ್ಕೆ ಬೆರೆಸಿದ ಎಣ್ಣೆಯ ಜಿಡ್ಡು ಉಳಿಯುತ್ತೆ; ಸೋರುವ ಜಾಗ ಅದೇ ತೋರಿಸುತ್ತೆ.

ಜೋಡಣೆಯ ಅಂಚಿನಲ್ಲಿ ಜಿಡ್ಡಿದ್ದರೆ ಗ್ಯಾಸ್ಕೆಟ್ ಸರಿಯಾಗಿ ಕೂತಿಲ್ಲ; ಅಂಚು ಬಾಗಿರಬಹುದು. ದಪ್ಪ ಗಾಜಿನ ಮೇಲೆ ನಯವಾದ ಎಮರಿ ಹಾಳೆ ಇಟ್ಟು, ಅಂಚನ್ನು ಹಗುರವಾಗಿ ಉಜ್ಜಿ ಸಮ ಮಾಡಿ.

ಕಾರ್ಬೊರೇಟರ್ ತುಂಬಿ ಪೆಟ್ರೋಲ್ ಹೊರಚೆಲ್ಲುತ್ತಿದ್ದರೆ? ತಪ್ಪು ಒಳಗಿದೆ. ಫ್ಲೋಟ್ ತೆಗೆದು ಕಿವಿ ಹತ್ತಿರ ಅಲ್ಲಾಡಿಸಿ. ಗುಳುಗುಳು ಅಂದರೆ ತೂತು. ಒಲೆಯಿಂದ ದೂರ ತಂದ ಬಿಸಿನೀರಲ್ಲಿ ಮುಳುಗಿಸಿದರೆ ಗುಳ್ಳೆ ಏಳುತ್ತೆ. ಒಳಗಿನ ಪೆಟ್ರೋಲ್ ಪೂರ್ತಿ ಖಾಲಿಯಾಗದೆ ಬೆಸುಗೆ ಹಾಕಲೇಬೇಡಿ, ಸಿಡಿಯಬಹುದು. ಬೆಸುಗೆ ಜಾಸ್ತಿಯಾದರೂ ಕಷ್ಟ: ಫ್ಲೋಟ್ ಭಾರವಾಗಿ ತಡವಾಗಿ ಏಳುತ್ತೆ, ಮತ್ತೆ ಸೋರಿಕೆ.

ಫ್ಲೋಟ್ ಸರಿಯಿದ್ದರೆ, ಅದು ಎದ್ದಾಗ ಪೆಟ್ರೋಲ್ ತಡೆಯುವ ಸೂಜಿ ನೋಡಿ. ತುದಿಯಲ್ಲಿ ಉಗುರಿಗೆ ಸಿಗುವ ಗೀರಿದ್ದರೆ ಬದಲಿಸಿ. ಸೂಜಿ ಕೂರುವ ಜಾಗದಲ್ಲಿ ಟ್ಯಾಂಕಿನ ತುಕ್ಕಿನ ಒಂದೇ ಒಂದು ಕಣ ಸಾಕು, ಸೋರೋಕೆ. ಹೊಸ ಕಿಟ್ ಹಾಕಿದರೂ ನಿಲ್ಲದ ಸೋರಿಕೆಗೆ ನಾನು ಮೊದಲು ದೂರೋದು ಟ್ಯಾಂಕನ್ನೇ.

ಎಥನಾಲ್ ಬೆರೆತ ಪೆಟ್ರೋಲ್‌ಗೆ ಹಳೇ ರಬ್ಬರ್ ಪೈಪ್ ತಾಳೋದಿಲ್ಲ, ಅದನ್ನೂ ಬದಲಿಸಿ.

ಮತ್ತೆ, ಗಾಡಿ ನಿಲ್ಲಿಸಿದ ಕೂಡಲೇ ಪೆಟ್ರೋಲ್ ಕಾಕ್ ಮುಚ್ಚಿ ಮಾರಾಯ್ರೇ!